ಮೂರು ಸಲ ತಟ್ಟಿ ಕೇಳುವುದು

ನನ್ನ ಸಹಿ ಚೆನ್ನಾಗಿಲ್ಲ. ಮೊದಲ ಅಕ್ಷರ ದೊಡ್ಡದು, ಆಮೇಲೆ ಎರೆಹುಳ ಹರಿದ ಹಾಗೆ ಒಂದು ಗೆರೆ, ಕೊನೆಗೆ ಎರಡು ಚುಕ್ಕಿ. ಆದರೂ ಅದನ್ನು ಹಾಕುವಾಗ ಪೆನ್ನನ್ನು ಒತ್ತಿ ಹಿಡಿಯುತ್ತಿದ್ದೆ, ಕೆಳಗಿನ ಎರಡು ಕಾರ್ಬನ್ ಪ್ರತಿಗಳಿಗೂ ಇಳಿಯಲಿ ಎಂದು. ನಮ್ಮ ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೂ ಹೆಬ್ಬೆಟ್ಟು ಒತ್ತುವವರು. ಅಕ್ಕ ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಸುತ್ತಲು ಕೂತವಳು. ಹೆಸರು ಬರೆಯಲು ಅವಳಿಗೆ ಬರುತ್ತಿತ್ತು, ಆದರೆ ಅವಳ ಸಹಿ ಕೇಳುವವರು ಯಾರೂ ಇರಲಿಲ್ಲ. ನಾನು ಬಿ.ಎಸ್ಸಿ. ಮುಗಿಸಿದ್ದು ಅವಳ ಬೆರಳುಗಳ ಮೇಲೆ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ, ಹೆಮ್ಮೆಯೇ ಇದೆ. ಆದರೆ ಈ ಹೆಮ್ಮೆಯ ಒಳಗೆ ಇನ್ನೊಂದು ಇತ್ತು. ಅದರ ಕತೆಯನ್ನೇ ಈಗ ಬರೆಯುತ್ತಿದ್ದೇನೆ.

ಮಸ್ಕತ್ತಿನ ಘಾಲಾದಲ್ಲಿ, ಗ್ಯಾರೇಜುಗಳೂ ಗೋದಾಮುಗಳೂ ಒತ್ತಿಕೊಂಡು ನಿಂತ ಒಂದು ಬೀದಿಯ ತುದಿಗೆ ನಮ್ಮ ಲ್ಯಾಬ್ ಇತ್ತು. ಎಂಬತ್ತರ ದಶಕದ ಮೊದಲಲ್ಲಿ ನಾನು ಬಂದಾಗ ಅಲ್ಲಿ ಇದ್ದದ್ದು ಎರಡು ಕೋಣೆ, ಒಂದು ನೀರಿನ ತೊಟ್ಟಿ, ಒಂದು ಪ್ರೆಸ್ಸು. ಆಗ ಆ ದೇಶದಲ್ಲಿ ಎಲ್ಲವೂ ಒಟ್ಟೊಟ್ಟಿಗೆ ಏಳುತ್ತಿತ್ತು. ನಿನ್ನೆ ಆಡು ಮೇಯುತ್ತಿದ್ದ ಜಾಗದಲ್ಲಿ ಇವತ್ತು ಆಸ್ಪತ್ರೆಯ ಪಾಯ, ನಾಳೆ ಅದರ ಮುಂದೆ ಜೋಡು ರಸ್ತೆ. ನೆಲದಡಿಯಿಂದ ಎಣ್ಣೆ ಬರುತ್ತಿತ್ತು, ನೆಲದ ಮೇಲೆ ಕಾಂಕ್ರೀಟು ನಿಲ್ಲುತ್ತಿತ್ತು. ಆ ಕಾಂಕ್ರೀಟು ಗಟ್ಟಿಯೋ ಜೊಳ್ಳೋ ಎಂದು ಹೇಳುವುದು ನಮ್ಮ ಕೆಲಸ.

ಕೆಲಸ ಕೇಳಲು ಸುಲಭ. ಕಂಬವೋ ಸ್ಲ್ಯಾಬೋ ಹಾಕಿದ ದಿನ ಅದೇ ಕಾಂಕ್ರೀಟಿನಲ್ಲಿ ಸ್ವಲ್ಪ ತೆಗೆದು ಕಬ್ಬಿಣದ ಚೌಕ ಅಚ್ಚುಗಳಿಗೆ ತುಂಬಿ, ಗಟ್ಟಿಯಾದ ಮೇಲೆ ನಮ್ಮಲ್ಲಿಗೆ ಕಳಿಸುತ್ತಿದ್ದರು. ಅದಕ್ಕೆ ಕ್ಯೂಬ್ ಎನ್ನುವುದು. ನಾವು ಕ್ಯೂಬುಗಳನ್ನು ತೊಟ್ಟಿಯಲ್ಲಿ ಮುಳುಗಿಸಿಟ್ಟು, ಏಳನೇ ದಿನ ಕೆಲವನ್ನು, ಇಪ್ಪತ್ತೆಂಟನೇ ದಿನ ಉಳಿದವನ್ನು ಪ್ರೆಸ್ಸಿನ ಮಧ್ಯೆ ಇಟ್ಟು ಒಡೆಯುವವರೆಗೆ ಅದುಮುತ್ತಿದ್ದೆವು. ಒಡೆದಾಗ ಡಯಲಿನ ಮುಳ್ಳು ಎಲ್ಲಿ ನಿಂತಿತೋ ಅಷ್ಟು ಅದರ ಬಲ. ಆಮೇಲೆ ರಿಪೋರ್ಟು. ರಿಪೋರ್ಟಿನ ಕೆಳಗೆ ನನ್ನ ಸಹಿ. ಆ ಎರೆಹುಳ ಹರಿಯದೆ ಮೇಲಿನ ಮಹಡಿ ಏಳುವಂತಿರಲಿಲ್ಲ.

ಪುಸ್ತಕದಲ್ಲಿಲ್ಲದ ಒಂದು ಕೆಲಸವನ್ನೂ ನಾನು ಮಾಡುತ್ತಿದ್ದೆ. ಕ್ಯೂಬನ್ನು ಪ್ರೆಸ್ಸಿಗೆ ಇಡುವ ಮೊದಲು ಅದರ ಬದಿಗೆ ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿ ಕಿವಿಗೊಡುತ್ತಿದ್ದೆ. ನಮ್ಮಪ್ಪ ಮಂಗಳೂರಿನ ಹೆಂಚಿನ ಕಾರ್ಖಾನೆಯಲ್ಲಿ ಭಟ್ಟಿಯಿಂದ ಇಳಿದ ಹೆಂಚುಗಳನ್ನು ಹೀಗೇ ತಟ್ಟಿ ವಿಂಗಡಿಸುತ್ತಿದ್ದವರು. ಗಂಟೆಯ ಹಾಗೆ ಠಣ್ ಎಂದರೆ ಒಂದನೇ ನಂಬರು, ದನಿ ಕುಗ್ಗಿದರೆ ಎರಡನೆಯದು, ಬೊದ್ದು ಬೊದ್ದು ಎಂದರೆ ಮೂರನೆಯದು. ಕಾಲೇಜಿನ ರಜೆಯಲ್ಲಿ ನಾನೂ ಅವರ ಪಕ್ಕ ಕುಕ್ಕರಗಾಲಲ್ಲಿ ಕೂತು ತಟ್ಟಿದ್ದೇನೆ. ಕಾಂಕ್ರೀಟಿಗೆ ಹೆಂಚಿನಷ್ಟು ಗಂಟಲಿಲ್ಲ. ಆದರೂ ಕೆಲವು ವರ್ಷ ತಟ್ಟಿದ ಮೇಲೆ, ಮುಳ್ಳು ಎಲ್ಲಿ ನಿಲ್ಲುತ್ತದೆಂದು ಒಂದೆರಡು ಗೀಟಿನ ಆಚೀಚೆಯಲ್ಲಿ ಹೇಳುವಷ್ಟು ನನ್ನ ಕಿವಿ ಪಳಗಿತು. ಕಿವಿ ಹೇಳಿದ್ದೂ ಮುಳ್ಳು ಹೇಳಿದ್ದೂ ಬೇರೆಯಾದರೆ ನಾನು ಮೆಷಿನ್ನನ್ನು ಅನುಮಾನಿಸುತ್ತಿದ್ದೆ. ಒಂದೇ ಒಂದು ಸಲವೂ ಕಿವಿ ತಪ್ಪಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕೋಟು ಹಾಕಿದ ಕೆಮಿಸ್ಟು ಹೆಂಚಿನ ಕೂಲಿಯವನ ಹಾಗೆ ತಟ್ಟಿ ನೋಡುತ್ತಾನೆಂದರೆ ನಗುತ್ತಾರೆ ಎಂದು ಮೊದಮೊದಲು ಹೆದರಿ. ಆಮೇಲೆ ಅದು ನನ್ನೊಬ್ಬನದೇ ಆಗಿರಲಿ ಎಂದು.

ಎಂಬತ್ತರ ದಶಕದ ನಡುವೆ ಎಣ್ಣೆಯ ಬೆಲೆ ಬಿತ್ತು. ಕಟ್ಟುವ ಕೆಲಸ ಅರ್ಧಕ್ಕೆ ನಿಂತಿತು, ಸುತ್ತಲಿನ ಎಷ್ಟೋ ಜನ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೋದರು. ನಾನು ಉಳಿದೆ. ತೊಂಬತ್ತರ ದಶಕ ಬಂದಾಗ ಬೇರೆ ಗಾಳಿ ಬೀಸಿತು. ಸರಕಾರದ ಗುತ್ತಿಗೆ ಬೇಕಾದರೆ ಕಂಪನಿಯಲ್ಲಿ ಇಷ್ಟು ಜನ ದೇಶದವರೇ ಇರಬೇಕು ಎಂಬ ಕಟ್ಟಳೆ ಬಂತು. ಒಮಾನೀಕರಣ ಎಂಬ ಮಾತು ಮೊದಲು ಪೇಪರಿನಲ್ಲಿತ್ತು, ಆಮೇಲೆ ಮೀಟಿಂಗಿಗೆ ಬಂತು, ಕೊನೆಗೆ ನನ್ನ ಮೇಜಿಗೆ ಬಂತು.

ನಮ್ಮ ಮ್ಯಾನೇಜರು ಮೈಸೂರಿನ ಕಡೆಯವರು. ನನ್ನ ಕರಾವಳಿಯ ಕನ್ನಡ ಕೇಳಿದಾಗಲೆಲ್ಲ ಅವರಿಗೆ ನಗು.

“ಕೂತ್ಕೊಳ್ರೀ. ಒಂದು ವಿಷ್ಯ ಇದೆ. ಯೂನಿವರ್ಸಿಟಿ ಮುಗಿಸಿರೋ ಒಂದು ಹುಡುಗಿ ಬರ್ತಾಳೆ, ಕೆಮಿಸ್ಟ್ರಿನೇ ಓದಿರೋದು. ಒಂದು ವರ್ಷ ನೀವು ಕಲಿಸ್ಬೇಕು.”

“ಒಂದು ವರ್ಷ ಆದ ಮೇಲೆ?”

“ಆದ್ಮೇಲೆ ಏನು, ಲ್ಯಾಬ್ ಇನ್‌ಚಾರ್ಜ್ ಅವಳೇ. ಸಹಿ ಅವಳ್ದು.”

“ನಾನು ಎಂತ ಮಾಡುದು?”

“ಅದನ್ನೇ ಪುಸ್ತಕ ಓದ್ದಂಗೆ ಕೇಳ್ತೀರಲ್ರೀ! ನಿಮ್ದೇನಿದ್ರೂ ಆವಾಗ ನೋಡೋಣ. ಅವಳು ಕಲೀಲಿಲ್ಲ ಅಂದ್ರೆ ಇನ್ನೊಂದು ವರ್ಷ ನೀವೇ ಇರ್ತೀರಿ. ಸಿಂಪಲ್.”

ಆ ಕೊನೆಯ ಮಾತನ್ನು ಅವರು ಸುಮ್ಮನೆ ಹೇಳಿದರೋ ಬೇಕೆಂದೇ ಹೇಳಿದರೋ ಗೊತ್ತಿಲ್ಲ. ನಾನು ಮಾತ್ರ ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡೆ.

ಹುಡುಗಿ ಶನಿವಾರ ಬಂದಳು. ಅಲ್ಲಿ ಗುರುವಾರ, ಶುಕ್ರವಾರ ರಜೆ; ವಾರ ಶುರುವಾಗುವುದು ಶನಿವಾರ. ಕಪ್ಪು ಅಬಾಯದ ಮೇಲೆ ಬಿಳಿ ಕೋಟು, ಕೈಯಲ್ಲಿ ಗಟ್ಟಿ ರಟ್ಟಿನ ನೀಲಿ ನೋಟ್‌ಬುಕ್ಕು. ಅಣ್ಣನೊಬ್ಬ ಅಲ್ ಖೌದಿನಿಂದ ಕಾರಿನಲ್ಲಿ ತಂದು ಬಿಡುತ್ತಿದ್ದ, ಸಂಜೆ ಬಂದು ಕರೆದೊಯ್ಯುತ್ತಿದ್ದ. ಊರು ಇಬ್ರಿಯ ಕಡೆ. ನನ್ನನ್ನು ಉಸ್ತಾದ್ ಎಂದಳು, ಗುರುವಿಗೆ ಹೇಳುವ ಮಾತು. ನಾನು ಅವಳನ್ನು ಮೇಡಂ ಎನ್ನಲಿಲ್ಲ, ಹೆಸರು ಹಿಡಿದೂ ಕರೆಯಲಿಲ್ಲ. ಅರ್ಧ ಇಂಗ್ಲಿಷು, ಅರ್ಧ ಉರ್ದು, ನಡುನಡುವೆ ಅರಬ್ಬಿಯಲ್ಲಿ ನಮ್ಮ ಮಾತು ಸಾಗುತ್ತಿತ್ತು.

ಇಬ್ರಿ ಕಡೆಯವರ ಕುಶಲ ವಿಚಾರಿಸುವ ಕ್ರಮ ದೊಡ್ಡದು. ಬೆಳಿಗ್ಗೆ ಬಂದವಳೇ ಸಲಾಂ ಹೇಳಿ, ನೀವು ಹೇಗಿದ್ದೀರಿ, ನಿದ್ರೆ ಹೇಗಾಯಿತು, ಮನೆಯವರು ಹೇಗಿದ್ದಾರೆ, ತಾಯಿ ಹೇಗಿದ್ದಾರೆ, ಒಡಹುಟ್ಟಿದವರು ಹೇಗಿದ್ದಾರೆ, ಊರಿನ ಸುದ್ದಿ ಏನು ಎಂದು ಒಂದೊಂದಾಗಿ ಕೇಳುವಳು. ಎಲ್ಲಕ್ಕೂ ಚೆನ್ನಾಗಿದೆ ಎಂದೇ ಉತ್ತರ. ಸುದ್ದಿ ಇದ್ದರೂ ಮೊದಲು ಸುದ್ದಿ ಏನೂ ಇಲ್ಲ ಎನ್ನಬೇಕು. ನನಗೆ ಹೊತ್ತು ಹಾಳು ಅನ್ನಿಸುತ್ತಿತ್ತು. ಒಂದು ಪ್ರಶ್ನೆಯನ್ನಾದರೂ ಬಿಡುವಳೋ ಎಂದು ಕಾದೆ. ಬಿಡಲಿಲ್ಲ.

ಅವಳು ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಸೋಮಾರಿಯಾಗಿದ್ದರೂ ಸಾಕಿತ್ತು. ಅವಳು ಎರಡೂ ಅಲ್ಲ. ಜರಡಿ ಹಿಡಿದು ಮರಳು ಜಾಲಿಸು ಎಂದರೆ ಜಾಲಿಸುವಳು, ತೊಟ್ಟಿಗೆ ಕೈ ಹಾಕಿ ಕ್ಯೂಬು ಎತ್ತು ಎಂದರೆ ತೋಳು ಮಡಚಿ ಎತ್ತುವಳು. ನನಗೆ ಉರಿದದ್ದು ಬೇರೆಯದಕ್ಕೆ. ಒಂದು ದಿನ ಚಹಾ ಕುಡಿಯುವಾಗ ಕೇಳಿದೆ:

“ಕಾಲೇಜಿಗೆ ಹೇಗೆ ಹೋಗುತ್ತಿದ್ದೆ?”

“ಹಾಸ್ಟೆಲಿನಲ್ಲಿದ್ದೆ ಉಸ್ತಾದ್. ರಜೆಗೆ ಊರಿಗೆ ಹೋಗಲು ಯೂನಿವರ್ಸಿಟಿಯದೇ ಬಸ್ಸು.”

“ಫೀಸು?”

“ಫೀಸೇ?” ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಇಲ್ಲ. ನಮಗೇ ತಿಂಗಳಿಗೆ ಸ್ವಲ್ಪ ಕೊಡುತ್ತಿದ್ದರು.”

ನಾನು ಚಹಾದ ಲೋಟವನ್ನು ಕೆಳಗಿಟ್ಟೆ. ನಮ್ಮ ಕಾಲೇಜಿಗೆ ದಿನಾ ಎರಡು ಗಂಟೆಯ ನಡಿಗೆ, ಒಂದು ದೋಣಿ. ಪಾಠದ ಪುಸ್ತಕ ಕೊಂಡದ್ದಿಲ್ಲ, ಬೇರೆಯವರದನ್ನು ರಾತ್ರಿ ತಂದು ಕೈಯಲ್ಲಿ ನಕಲು ಮಾಡಿದ್ದು. ಊರಿನಲ್ಲಿ ಮೊದಲ ಗ್ರಾಜುಯೇಟು ನಾನು ಎಂದು ಹತ್ತು ಹದಿನೈದು ವರ್ಷ ಎದೆಯುಬ್ಬಿಸಿ ನಡೆದಿದ್ದೆ. ಅವಳೂ ಅವಳ ಮನೆಯಲ್ಲಿ ಮೊದಲಿಗಳೇ. ತಾಯಿಗೆ ಓದು ಬರದು, ತಂದೆಗೆ ಕುರಾನು ಬಿಟ್ಟರೆ ಬೇರೆ ಓದು ಬರದು. ನಾನು ಉಗುರು ಕಿತ್ತುಹೋಗುವ ಹಾಗೆ ಹತ್ತಿದ ಮರಕ್ಕೆ ಅವಳಿಗೆ ಏಣಿ ಇಟ್ಟು, ಏಣಿಗೆ ಹಾಸು ಹಾಸಿದ್ದರು. ಇಬ್ಬರೂ ಅದೇ ಕೊಂಬೆಯ ಮೇಲೆ. ಇದು ಎಲ್ಲಿಯ ನ್ಯಾಯ?

ಇನ್ನೊಂದು ದಿನ ಅವಳೇ ಹೇಳಿದಳು: “ನಮ್ಮಪ್ಪನೂ ನಿಮ್ಮ ಹಾಗೆಯೇ ಪರದೇಶದಲ್ಲಿ ದುಡಿದವರು. ಆಗ ನಮ್ಮ ದೇಶದಲ್ಲಿ ಏನೂ ಇರಲಿಲ್ಲ. ಕುವೈತಿನಲ್ಲಿ ಕಟ್ಟಡಕ್ಕೆ ಇಟ್ಟಿಗೆ ಹೊತ್ತರು. ಅಲ್ಲಿಯವರು ಅವರನ್ನು ಏ ಒಮಾನಿ ಎಂದು ಕರೆಯುತ್ತಿದ್ದರಂತೆ, ಹೆಸರು ಕೇಳುತ್ತಿರಲಿಲ್ಲವಂತೆ.”

ಇದನ್ನು ಕೇಳಿ ನನ್ನ ಮನಸ್ಸು ಕರಗಬೇಕಿತ್ತು. ಕರಗಲಿಲ್ಲ. ಅವಳ ಅಪ್ಪ ಇಟ್ಟಿಗೆ ಹೊತ್ತದ್ದಕ್ಕೆ ಅವಳ ದೇಶ ಸಕಾಲಕ್ಕೆ ಎದ್ದು ನಿಂತು ಮಗಳಿಗೆ ಕುರ್ಚಿ ಹಾಕಿತು. ನಮ್ಮಪ್ಪ ಹೆಂಚು ತಟ್ಟಿ ತಟ್ಟಿ ಗೆಣ್ಣು ದಪ್ಪವಾಗಿ ಸತ್ತರು. ಅವರ ಮಗಳಿಗೆ ಯಾರು ಏನು ಹಾಕಿದರು? ಬೀಡಿಯ ಮೊರ. ನನ್ನ ಹೊಟ್ಟೆಕಿಚ್ಚನ್ನು ಅಕ್ಕನ ಹೆಸರಿನಲ್ಲಿ ಉರಿಸಿದರೆ ಅದು ನ್ಯಾಯದ ಹಾಗೆ ಕಾಣಿಸುತ್ತಿತ್ತು.

ಹಾಗಾಗಿ ಒಂದು ತೀರ್ಮಾನ ಮಾಡಿದೆ. ಪುಸ್ತಕದಲ್ಲಿ ಇರುವುದೆಲ್ಲ ಕಲಿಸುತ್ತೇನೆ. ತಟ್ಟಿ ಕೇಳುವುದನ್ನು ಮಾತ್ರ ಇಲ್ಲ. ಅವಳು ನಮಾಜಿಗೆ ಒಳಗಿನ ಕೋಣೆಗೆ ಹೋದಾಗ, ಫೋನಿಗೆ ಎದ್ದಾಗ, ಬೆನ್ನು ತಿರುಗಿಸಿ ಬರೆಯುತ್ತಿರುವಾಗ ನಾನು ತಟ್ಟಿಕೊಳ್ಳುತ್ತಿದ್ದೆ. ಅವಳು ಹತ್ತಿರ ಬಂದರೆ ಕ್ಯೂಬಿನ ಮೇಲಿನ ನೀರು ಒರೆಸುವವನ ಹಾಗೆ ಕೈ ಆಡಿಸುತ್ತಿದ್ದೆ. ನಲವತ್ತು ದಾಟಿದ ಮನುಷ್ಯ ತನ್ನದೇ ಲ್ಯಾಬಿನಲ್ಲಿ ಕಳ್ಳನ ಹಾಗೆ. ಈಗ ನೆನೆದರೆ ಮುಖ ಬಿಸಿಯಾಗುತ್ತದೆ.

ವರ್ಷದಲ್ಲಿ ಒಂಬತ್ತು ತಿಂಗಳು ಹೀಗೆ ಹೋಯಿತು. ನನಗೆ ನಲವತ್ತೈದು ದಿನದ ರಜೆ ಬಂತು. ನಾನಿಲ್ಲದಾಗ ಮೊದಲ ಸಲ ಅವಳೇ ಸಹಿ ಹಾಕುವವಳು. ಅದೇ ಅವಳ ಪರೀಕ್ಷೆ ಎಂದು ಮ್ಯಾನೇಜರು ಹೇಳಿದ್ದರು.

ಹೊರಡುವ ಹಿಂದಿನ ದಿನ, ಬುಧವಾರ, ಒಂದು ಸೆಟ್ ಕ್ಯೂಬು ಒಡೆಯಲು ಇತ್ತು. ಹುಡುಗಿ ಒಳಗೆ ನಮಾಜಿಗೆ ಹೋಗಿದ್ದಳು. ತಟ್ಟಿದೆ. ಠಣ್ ಅಂತು. ಅಪ್ಪ ಕೇಳಿದ್ದರೆ ಒಂದನೇ ನಂಬರು ಎನ್ನುತ್ತಿದ್ದರು. ಪ್ರೆಸ್ಸಿಗಿಟ್ಟು ಒತ್ತಿದೆ. ಮುಳ್ಳು ಏರಬೇಕಾದಲ್ಲಿಗೆ ಏರದೆ ಬಹಳ ಕೆಳಗೇ ನಿಂತಿತು. ಎರಡನೆಯದೂ ಹಾಗೆಯೇ. ಬಗ್ಗಿ ನೋಡಿದೆ. ಪಿಸ್ಟನ್ನಿನ ಬುಡದಲ್ಲಿ ಎಣ್ಣೆ ಜಿನುಗಿ ಉಂಗುರದ ಹಾಗೆ ನಿಂತಿತ್ತು. ಸೀಲು ಹೋಗಿದೆ, ಒತ್ತಡ ಸೋರುತ್ತಿದೆ, ಇನ್ನು ಮೆಷಿನ್ನು ಗಟ್ಟಿ ಕಾಂಕ್ರೀಟನ್ನೂ ಜೊಳ್ಳು ಎನ್ನುತ್ತದೆ. ಮೆಕ್ಯಾನಿಕ್ಕಿಗೆ ಫೋನು ಮಾಡುವುದು ಎರಡು ನಿಮಿಷದ ಕೆಲಸ.

ಒಳಗೆ ನಮಾಜಿನ ಚಾಪೆ ಮಡಚಿದ ಸದ್ದಾಯಿತು. ಅವಳು ಈಗ ಬರುತ್ತಾಳೆ. ನಾನು ಹತ್ತಿ ವೇಸ್ಟು ತೆಗೆದುಕೊಂಡು ಆ ಎಣ್ಣೆಯ ಉಂಗುರವನ್ನು ಸುತ್ತ ಒರೆಸಿ, ವೇಸ್ಟನ್ನು ಬುಟ್ಟಿಗೆ ಹಾಕಿ, ಕೈ ತೊಳೆದುಕೊಂಡೆ. ಆ ಎರಡು ಕ್ಯೂಬಿಗೆ ಕಿವಿ ಹೇಳಿದ ಅಂಕಿಯನ್ನು ಬರೆದು ಸಹಿ ಹಾಕಿದೆ. ಮನಸ್ಸಿಗೆ ಸಮಾಧಾನವನ್ನೂ ಹೇಳಿಕೊಂಡೆ: ಯಾವ ಕಟ್ಟಡವೂ ಬೀಳುವುದಿಲ್ಲ, ಒಳ್ಳೆಯದನ್ನು ಕೆಟ್ಟದ್ದು ಎನ್ನುತ್ತದೆ ಅಷ್ಟೆ. ಗಲಾಟೆಯಾಗಲಿ. ಏಣಿ ಹತ್ತಿದವಳಿಗೆ ಕೊಂಬೆ ಅಲ್ಲಾಡಿದರೆ ಹೇಗಿರುತ್ತದೆಂದು ಗೊತ್ತಾಗಲಿ.

“ರಜೆಯಲ್ಲಿ ನೆಮ್ಮದಿಯಾಗಿರಿ ಉಸ್ತಾದ್,” ಎಂದಳು. “ನಿಮ್ಮ ಅಕ್ಕನಿಗೆ ನನ್ನ ಸಲಾಂ ಹೇಳಿ.”

ಅಕ್ಕ ಮದುವೆಯಾಗಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆಗೇ ಇದ್ದಳು. ರಜೆಗೆ ಹೋದರೆ ನನ್ನ ಅರ್ಧ ದಿನ ಅವಳ ಜಗಲಿಯಲ್ಲೇ. ತೊಡೆಯ ಮೇಲೆ ಮೊರ, ಮೊರದಲ್ಲಿ ಕತ್ತರಿಸಿದ ಎಲೆ, ಪುಡಿ, ನೂಲು. ಮಾತಾಡುವಾಗಲೂ ಬೆರಳು ನಿಲ್ಲುವುದಿಲ್ಲ. ನಾವು ಮಾತಾಡುವುದು ತುಳುವಿನಲ್ಲಿ; ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಸುಮಾರು ಹತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಆ ಹುಡುಗಿಯ ವಿಷಯ ಎತ್ತಿದೆ. ಬಸ್ಸು, ಹಾಸ್ಟೆಲು, ಫೀಸಿನ ಬದಲು ಕೈಗೇ ಕೊಡುವ ಹಣ, ಎಲ್ಲ ಹೇಳಿದೆ. ನಿನಗೆ ಸಿಗಬೇಕಾದದ್ದು ಅವಳಿಗೆ ಸಿಕ್ಕಿತು ಅಕ್ಕ, ಎಂದೆ.

“ನನಗೆ ಯಾಕೆ? ಎಣ್ಣೆ ಅವರ ಹಿತ್ತಲಲ್ಲಿ ಉಂಟು, ಓದಿಸಿದರು. ಒಳ್ಳೆಯದಾಯಿತು. ನೀನು ಯಾಕೆ ಇಷ್ಟು ಹೊಗೆಯಾಡುತ್ತೀ?”

“ಹೊಗೆಯಲ್ಲ. ನಾವು ಪಟ್ಟ ಕಷ್ಟ…”

“ನಾವಾ?” ಬೀಡಿಯ ತುದಿಯನ್ನು ಉಗುರಿನಲ್ಲಿ ಮಡಚುತ್ತ ನಕ್ಕಳು. “ನೀನು ಎಂತ ಕಷ್ಟ ಪಟ್ಟೆ ಮಾರಾಯ? ಓದಿದೆ. ಓದಲು ಸಿಕ್ಕಿದ್ದು ಕಷ್ಟವಾ?”

ನೂಲಿನ ಉಂಡೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ನಿನ್ನ ಹಾಲ್ ಟಿಕೆಟು ಕಾಣೆಯಾದದ್ದು ನೆನಪುಂಟಾ?”

“ನೆನಪಿಲ್ಲದೆ? ಅಮ್ಮ ದೈವಕ್ಕೆ ಹರಕೆ ಹೇಳಿಕೊಂಡರು. ನೀನೇ ಅಲ್ಲವಾ ಹುಡುಕಿ ಕೊಟ್ಟದ್ದು, ಎಲೆಯ ಕಟ್ಟಿನ ಅಡಿಯಿಂದ?”

“ಇಟ್ಟವಳಿಗೆ ಹುಡುಕುವುದು ಎಂತ ಕಷ್ಟ?”

ಅವಳ ಬೆರಳು ಆಗಲೂ ನಿಲ್ಲಲಿಲ್ಲ. ನೂಲು ಸುತ್ತಿ, ಕತ್ತರಿಯಲ್ಲಿ ತುಂಡರಿಸಿ, ಬೀಡಿಯನ್ನು ಮೊರದ ಮೂಲೆಗೆ ಹಾಕಿ ಇನ್ನೊಂದು ಎಲೆ ತೆಗೆದುಕೊಂಡಳು.

“ನಿನಗೆ ಮಾತ್ರ ಹೊಟ್ಟೆಕಿಚ್ಚು ಬರುವುದು ಅಂತ ಮಾಡಿದ್ದೀಯಾ? ನನಗೂ ಬಂತು, ನಿನ್ನ ಮೇಲೆ. ಬೆಳಿಗ್ಗೆ ಇಟ್ಟೆ. ಬಸ್ಸಿನ ಹಾರ್ನು ಕೇಳುವವರೆಗೆ ಇಟ್ಟೇ ಇದ್ದೆ. ನೀನು ಅಳುವುದನ್ನು ನೋಡಿದೆ. ಸಂತೋಷವೂ ಆಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ತೆಗೆದು ಕೊಟ್ಟೆ.”

“ಯಾಕೆ ಕೊಟ್ಟೆ?”

“ಬಸ್ಸು ಬಂತಲ್ಲ ಮಾರಾಯ. ಇನ್ನೂ ಇಟ್ಟುಕೊಂಡರೆ ಅದು ಹೊಟ್ಟೆಕಿಚ್ಚು ಅಲ್ಲ, ಬೇರೆ ಎಂತದೋ.”

ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಎಲ್ಲಿಗೆ ಎಂದು ಅವಳು ಕೇಳಲಿಲ್ಲ.

ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಲ್ಲಿ ಮೂರು ಸಲ ಪ್ರಯತ್ನಿಸಿದ ಮೇಲೆ ಲೈನು ಸಿಕ್ಕಿತು. ಲ್ಯಾಬಿನಲ್ಲಿ ಆ ಹುಡುಗಿಯೇ ಎತ್ತಿದಳು.

“ಉಸ್ತಾದ್! ಸಲಾಂ. ನೀವು ಹೇಗಿದ್ದೀರಿ? ಪ್ರಯಾಣ ಹೇಗಾಯಿತು?”

“ಚೆನ್ನಾಗಿ. ಕೇಳು, ಮೆಷಿನ್…”

“ಮನೆಯವರು? ತಾಯಿ? ಅಕ್ಕ?”

ಬೂತಿನ ಮೀಟರಿನಲ್ಲಿ ಕೆಂಪು ಅಂಕಿ ಓಡುತ್ತಿತ್ತು. ಅವಳು ಒಂದನ್ನೂ ಬಿಡಲಿಲ್ಲ. ಎಲ್ಲರೂ ಚೆನ್ನಾಗಿದ್ದಾರೆ, ಸುದ್ದಿ ಏನೂ ಇಲ್ಲ ಎಂದ ಮೇಲೆಯೇ ನನ್ನ ಸರದಿ.

“ಪ್ರೆಸ್ಸನ್ನು ನಂಬಬೇಡ. ಮೆಕ್ಯಾನಿಕ್ಕನ್ನು ಕರೆಸು.”

ಆಚೆ ನೋಟ್‌ಬುಕ್ಕಿನ ಪುಟ ತಿರುವಿದ ಸದ್ದು.

“ಮೊನ್ನೆಯ ಶನಿವಾರವೇ ನಿಲ್ಲಿಸಿದ್ದೇನೆ ಉಸ್ತಾದ್. ಸೀಲು ಹೋಗಿತ್ತು. ನಾನು ನೀವು ಮಾಡುವ ಹಾಗೆ ಮೂರು ಸಲ ತಟ್ಟಿದೆ. ಕ್ಯೂಬು ಒಂದು ಹೇಳಿತು, ಮೆಷಿನ್ನು ಇನ್ನೊಂದು ಹೇಳಿತು.”

“ಅದನ್ನು ನಾನು ನಿನಗೆ ಕಲಿಸಿಲ್ಲ,” ಎಂದೆ. ಬಾಯಿಂದ ಅದೇ ಮೊದಲು ಬಂತು.

“ಹೇಳಿಕೊಡಲಿಲ್ಲ. ಆದರೆ ಮಾಡುತ್ತಿದ್ದಿರಲ್ಲ! ಒಳಗಿನ ಕೋಣೆಗೆ ಗಾಜಿನ ಬಾಗಿಲು. ನೀವು ಒಂದು ಕ್ಯೂಬನ್ನೂ ಬಿಡದೆ ತಟ್ಟುತ್ತಿದ್ದಿರಿ, ಅದಕ್ಕೆ ಅದೂ ಒಂದು ಕ್ರಮ ಅಂತ ಬರೆದುಕೊಂಡೆ. ಒಡೆಯದೆ ಉಳಿದ ನಾಲ್ಕು ಕ್ಯೂಬು ಮನೆಗೆ ಒಯ್ದು ತಟ್ಟಿ ಕಲಿತೆ. ಅಣ್ಣ ನಗುತ್ತಾನೆ.” ಆಮೇಲೆ ದನಿ ತಗ್ಗಿಸಿದಳು. “ಆದರೆ ತಡವಾಯಿತು. ಮೊದಲ ದಿನವೇ ವ್ಯತ್ಯಾಸ ಕೇಳಿತ್ತು. ನನ್ನ ಕಿವಿಯೇ ತಪ್ಪು ಅಂದುಕೊಂಡೆ. ನೀವು ನೋಡಿ ಬಿಟ್ಟುಹೋದ ಮೆಷಿನ್ನು ತಪ್ಪು ಹೇಳಲಿಕ್ಕಿಲ್ಲ ಅಂತ.”

ಫೋನು ಇಟ್ಟ ಮೇಲೆ ಬಹಳ ಹೊತ್ತು ಬೂತಿನ ಸ್ಟೂಲಿನಲ್ಲೇ ಕೂತಿದ್ದೆ. ಹೊರಗೆ ಯಾರೋ ಬಾಗಿಲು ಬಡಿದರು. ಸತ್ಯ ಹೇಳುತ್ತೇನೆ: ಆಗಲೂ ನನಗೆ ಮೊದಲು ಅನ್ನಿಸಿದ್ದು ಪಶ್ಚಾತ್ತಾಪವಲ್ಲ. ಇದೂ ಅವಳಿಗೆ ಪುಕ್ಕಟೆ ಸಿಕ್ಕಿತಲ್ಲ ಎಂದು. ಅಪ್ಪನ ಗೆಣ್ಣು, ನನ್ನ ಹತ್ತು ವರ್ಷ. ಅವಳಿಗೆ ಒಂದು ಗಾಜಿನ ಬಾಗಿಲು.

ರಜೆ ಮುಗಿಸಿ ಹೋದಾಗ ಪ್ರೆಸ್ಸಿಗೆ ಹೊಸ ಸೀಲು ಬಿದ್ದಿತ್ತು. ಆದರೆ ಅವಳು ಮೆಷಿನ್ನು ನಿಲ್ಲಿಸುವ ಮೊದಲೇ ಕೆಲವು ರಿಪೋರ್ಟು ಹೊರಗೆ ಹೋಗಿದ್ದವು. ಅದರಲ್ಲೊಂದು ಇಬ್ರಿಯ ಕಡೆ ಕಟ್ಟುತ್ತಿದ್ದ ಹೆಣ್ಣುಮಕ್ಕಳ ಶಾಲೆಯದು. ಅಲ್ಲಿಯ ಕನ್ಸಲ್ಟೆಂಟು ಬಿರುಸಿನವನು. ಏಳನೇ ದಿನದ ಅಂಕಿ ನೋಡಿದವನೇ, ಇನ್ನೊಮ್ಮೆ ಪರೀಕ್ಷೆ ಮಾಡಿಸುವ ತಾಳ್ಮೆಯಿಲ್ಲದೆ, ಆರು ಕಂಬ ಒಡೆಸಿದ್ದ.

ಹೊಸ ಕ್ಯೂಬು ತರುವ ನೆಪ ಮಾಡಿಕೊಂಡು ಆ ಸೈಟಿಗೆ ಹೋದೆ. ನಾಲ್ವರು ಕೂಲಿಗಳು, ನಮ್ಮ ಕಡೆಯ ಮುಖಗಳೇ, ಬಿಸಿಲಿನಲ್ಲಿ ಸುತ್ತಿಗೆ ಹಿಡಿದು ಉಳಿದ ಬುಡವನ್ನು ಒಡೆಯುತ್ತಿದ್ದರು. ಒಬ್ಬ ಹಿಂದಿಯಲ್ಲಿ ಬೈದುಕೊಳ್ಳುತ್ತಿದ್ದ: “ಕಚ್ಚಾ ಮಾಲು ಅಂತೆ! ಕಚ್ಚಾ ಆದ್ರೆ ನನ್ನ ಕೈ ಯಾಕೆ ಹೀಗಾಗುತ್ತಿತ್ತು?” ಅಂಗೈ ತೋರಿಸಿದ. ಬೊಬ್ಬೆ ಒಡೆದು ಕೆಂಪಗಾಗಿತ್ತು. ನಾನು ಒಂದು ತುಂಡನ್ನು ಎತ್ತಿ ಗೆಣ್ಣಿನಿಂದ ತಟ್ಟಿದೆ. ಠಣ್.

ಮರುದಿನ ಮ್ಯಾನೇಜರು ಇಬ್ಬರನ್ನೂ ಕರೆದರು. ಗುತ್ತಿಗೆದಾರ ಕಾಗದ ಬರೆದಿದ್ದ. ಮೆಷಿನ್ನು ಯಾವ ದಿನದಿಂದ ಕೆಟ್ಟಿತ್ತು ಎಂದು ನಾವು ಲಿಖಿತವಾಗಿ ಉತ್ತರ ಕೊಡಬೇಕು. ಹುಡುಗಿಯನ್ನು ಫೈಲು ತರಲು ಕಳಿಸಿ ಅವರು ಕನ್ನಡಕ್ಕೆ ತಿರುಗಿದರು.

“ನೋಡ್ರೀ, ನೀವು ರಜಾಕ್ಕೆ ಹೋದ್ಮೇಲೆ ಕೆಟ್ಟಿದ್ದು ಅಂತ ಬರ್ದ್‌ಬಿಡಿ. ನಿಜಾನೂ ಇರಬಹುದು, ಯಾರಿಗ್ ಗೊತ್ತು. ಒಂದು ವಾರ ಅವಳಿಗೆ ಗೊತ್ತಾಗ್ಲಿಲ್ಲ ಅಂದ್ರೆ ಮೇಲಿನವರು ಇನ್ನೊಂದು ವರ್ಷ ಟ್ರೈನಿಂಗ್ ಅಂತಾರೆ. ನಿಮ್ ಕುರ್ಚಿ ಭದ್ರ.”

ಅಷ್ಟರಲ್ಲಿ ಅವಳು ಫೈಲು ತಂದಳು. ಟೈಪು ಮಾಡಿದ ಉತ್ತರ ಸಿದ್ಧವಾಗಿತ್ತು. ದಿನಾಂಕದ ಜಾಗ ಖಾಲಿ ಬಿಟ್ಟಿದ್ದಳು.

“ಯಾವ ದಿನ ಬರೆಯಲಿ ಉಸ್ತಾದ್? ನಿಮ್ಮ ಕೊನೆಯ ಬುಧವಾರದ ಸೆಟ್ಟು ಸರಿಯಾಗೇ ಬಂದಿದೆ. ಹಾಗಾದರೆ ನೀವು ಹೋದ ಮೇಲಿನ ಶನಿವಾರದಿಂದ ಅಂತ ಬರೆಯಬೇಕಾ?”

ಅವಳು ನನ್ನನ್ನು ಸಿಕ್ಕಿಸಲು ಕೇಳಿದ್ದಲ್ಲ. ನನ್ನ ಅಂಕಿಯನ್ನು ನಂಬಿ ಕೇಳಿದ್ದಳು. ಶನಿವಾರ ಎಂದರೆ ಸಾಕಿತ್ತು, ಅವಳೇ ಬರೆದುಕೊಂಡು ತನ್ನ ಕುತ್ತಿಗೆಗೆ ಹಾಕಿಕೊಳ್ಳುತ್ತಿದ್ದಳು. ಇನ್ನೊಂದು ವರ್ಷ ನನ್ನ ಎರೆಹುಳ ಆ ಕಾಗದಗಳ ಮೇಲೆ ಹರಿಯುತ್ತಿತ್ತು. ನನಗೆ ಅದು ಬೇಕಿತ್ತು. ಎಷ್ಟು ಬೇಕಿತ್ತು ಎಂದು ಹೇಳಲಾರೆ.

ಪೆನ್ನು ತೆಗೆದುಕೊಂಡು ಬುಧವಾರದ ತಾರೀಖು ಬರೆದೆ. ಅದರ ಕೆಳಗೆ ಕೈಬರಹದಲ್ಲೇ ಒಂದು ಸಾಲು ಸೇರಿಸಿದೆ: ಎಣ್ಣೆ ಸೋರಿದ್ದನ್ನು ನಾನು ಅಂದೇ ಕಂಡಿದ್ದೆ, ಒರೆಸಿದ್ದೆ, ತಿಳಿಸಿರಲಿಲ್ಲ, ಅಂದಿನ ಅಂಕಿ ಮೆಷಿನ್ನಿನದಲ್ಲ. ಸಹಿ ಹಾಕಿದೆ, ಕಾರ್ಬನ್ನಿಗೂ ಇಳಿಯುವ ಹಾಗೆ.

“ಏನ್ರೀ ಇದು?” ಎಂದರು ಮ್ಯಾನೇಜರು. “ತಲೆ ನೆಟ್ಟಗಿದ್ಯಾ?”

ಹುಡುಗಿ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದಳು. ಇನ್ನೊಮ್ಮೆ ಓದಿದಳು. ನನ್ನ ಮುಖ ನೋಡಲಿಲ್ಲ. ಫೈಲಿಗೆ ಸೇರಿಸಿ ಎದ್ದು ಹೋದಳು.

ಮರುದಿನ ಬೆಳಿಗ್ಗೆ ಬಂದು ಸಲಾಂ ಎಂದಳು, ಅಷ್ಟೇ. ನಿದ್ರೆ ಹೇಗಾಯಿತು ಇಲ್ಲ, ಮನೆಯವರು ಹೇಗಿದ್ದಾರೆ ಇಲ್ಲ. ನಾನು ಕಾದು ನಿಂತೇ ಇದ್ದೆ. ಒಂಬತ್ತು ತಿಂಗಳು ಹೊತ್ತು ಹಾಳು ಎಂದುಕೊಂಡ ಆ ಪ್ರಶ್ನೆಗಳಿಗೆ ಉತ್ತರ ಹೇಳಲು ಬಾಯಿ ತಯಾರಾಗಿಯೇ ಇತ್ತು. ಆ ಕಡೆಯವರು ಬೈಯುವುದು ಹೀಗೆ ಎಂದು ಅಂದು ನನಗೆ ತಿಳಿಯಿತು.

ಕೆಲಸ ಬಿಟ್ಟು ಊರಿಗೆ ಹೊರಡಲು ಕಂಪನಿ ನನಗೆ ಆ ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿತು. ಆ ದಿನಗಳಲ್ಲಿ ನಾವು ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಕ್ಯೂಬು ಮಾತ್ರ ಇಬ್ಬರೂ ತಟ್ಟುತ್ತಿದ್ದೆವು, ಈಗ ಬಹಿರಂಗವಾಗಿ. ಅವಳು ತನ್ನ ನೀಲಿ ಪುಸ್ತಕದಲ್ಲಿ ತನಗೆ ಕೇಳಿದ ಅಂಕಿ ಬರೆದು ನನ್ನ ಕಡೆ ತಳ್ಳುವಳು, ನಾನು ನನ್ನದನ್ನು ಪಕ್ಕದಲ್ಲಿ ಬರೆಯುವೆ. ನಂತರ ಪ್ರೆಸ್ಸು. ಹೆಚ್ಚಿನ ಸಲ ನಾನೇ ಹತ್ತಿರ. ಕೊನೆಯ ವಾರದಲ್ಲಿ ಎರಡು ಸಲ ಅವಳು ಹತ್ತಿರವಿದ್ದಳು. ಅದು ಇವತ್ತಿಗೂ ನನಗೆ ಚುಚ್ಚುತ್ತದೆ.

ಕೊನೆಯ ದಿನ ಹೊರಗೆ ಗಾಡಿ ಕಾಯುತ್ತಿತ್ತು. ಮ್ಯಾನೇಜರು ಬಾಗಿಲಲ್ಲಿ ನಿಂತು, “ಯಲ್ಲಾ, ಯಲ್ಲಾ, ಫ್ಲೈಟ್ ತಪ್ಪತ್ತೆ,” ಎನ್ನುತ್ತಿದ್ದರು. ಅವಳು ನನ್ನ ಮೇಜಿನಿಂದ, ಈಗ ಅವಳ ಮೇಜಿನಿಂದ, ಎದ್ದು ಬಂದಳು.

“ಸಲಾಂ ಉಸ್ತಾದ್. ನೀವು ಹೇಗಿದ್ದೀರಿ?”

“ಚೆನ್ನಾಗಿದ್ದೇನೆ.”

“ನಿದ್ರೆ ಹೇಗಾಯಿತು?”

“ಚೆನ್ನಾಗಿ.”

“ತಾಯಿ? ಅಕ್ಕ?”

ಮ್ಯಾನೇಜರು ಗಡಿಯಾರ ತೋರಿಸಿದರು. ಅವಳು ಆ ಕಡೆ ತಿರುಗಲೂ ಇಲ್ಲ. ಒಂದನ್ನೂ ಬಿಡದೆ ಎಲ್ಲ ಕೇಳಿದಳು, ನಾನೂ ಒಂದನ್ನೂ ಹಾರಿಸದೆ ಉತ್ತರ ಹೇಳಿದೆ. ಕೊನೆಗೆ ಊರಿನ ಸುದ್ದಿ ಏನು ಎಂದಳು.

“ಸುದ್ದಿ ಏನೂ ಇಲ್ಲ,” ಎಂದೆ.